ಕಡಿಮೆ ವೆಚ್ಚದಲ್ಲಿ ಸ್ಕೂಟರ್ ಹೊರಕವಚಕ್ಕೆ ಮರುಬಣ್ಣ: ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಸ್ಕೂಟರನ್ನು ಡೇರಿಗೆ ಹಾಲು ಸಾಗಿಸಲು, ಗದ್ದೆಯಿಂದ ಹುಲ್ಲು ತರಲು, ಮಕ್ಕಳನ್ನು ಶಾಲೆಗೆ ಬಿಡಲು ಹಾಗೂ ಪಾಂಡವಪುರ, ಶ್ರೀರಂಗಪಟ್ಟಣ, ಮೈಸೂರಿಗೆ ಕೆಲಸಕ್ಕೆ ಹೋಗಿಬರಲು ಬಳಸಲಾಗುತ್ತಿದೆ. ಹಾಲಿನ ಕ್ಯಾನು ಉಜ್ಜಿ, ಕಬ್ಬಿನ ಗರಿ ಗೀರಿ, ಬಿಸಿಲಿಗೆ ಬಣ್ಣ ಮಾಸಿ, ಮಳೆಗಾಲದಲ್ಲಿ ತುಕ್ಕು ಹಿಡಿದು ಐದಾರು ವರ್ಷಗಳಲ್ಲಿಯೇ ವಾಹನದ ಹೊರಭಾಗವು ಹಳತಾಗಿ ಕಾಣುವುದು ಸಾಮಾನ್ಯ. ಇಂತಹ ವಾಹನಕ್ಕೆ ಪುನಃ ಬಣ್ಣ ಹಾಕಿಸಲು ಇಚ್ಛಿಸುವ ಮಾಲೀಕರು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಮೊದಲನೆಯದು, ಕಡಿಮೆ ಖರ್ಚಿನಲ್ಲಿ ಕೆಲಸ ಮಾಡಿಸುವುದು ಹೇಗೆ? ಎರಡನೆಯದು, ಇದಕ್ಕೆ ಸಾರಿಗೆ ಕಛೇರಿಯ ಅನುಮತಿ ಬೇಕೇ?

ಈ ಎರಡೂ ಪ್ರಶ್ನೆಗಳು ಒಂದಕ್ಕೊಂದು ಸಂಬಂಧಿಸಿವೆ. ನೋಂದಣಿ ಪ್ರಮಾಣಪತ್ರದಲ್ಲಿ (ಆರ್.ಸಿ.) ನಮೂದಾಗಿರುವ ಬಣ್ಣವನ್ನೇ ಪುನಃ ಹಾಕಿಸಿದಲ್ಲಿ ಅದು ದುರಸ್ತಿಯಾಗುತ್ತದೆ, ಯಾವುದೇ ಅರ್ಜಿ, ಶುಲ್ಕ ಅಥವಾ ತಪಾಸಣೆಯ ಅಗತ್ಯವಿರುವುದಿಲ್ಲ. ಬೇರೆ ಬಣ್ಣ ಹಾಕಿಸಿದಲ್ಲಿ ಅದು ದಾಖಲೆಯ ವಿವರವನ್ನೇ ಬದಲಿಸಿದಂತಾಗುತ್ತದೆ. ಆದುದರಿಂದ ಅತ್ಯಂತ ಕಡಿಮೆ ವೆಚ್ಚದ ಮಾರ್ಗವೆಂದರೆ ಮೂಲ ಬಣ್ಣವನ್ನೇ ಉಳಿಸಿಕೊಂಡು, ಇರುವ ಹಣವನ್ನು ಬಣ್ಣದ ಕೆಳಗಿನ ತಯಾರಿಗೆ ವಿನಿಯೋಗಿಸುವುದು. ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಮೊದಲು ಪರಿಶೀಲಿಸಬೇಕಾದ ದಾಖಲೆ

ಆರ್.ಸಿ.ಯಲ್ಲಿ ವಾಹನದ ಬಣ್ಣವನ್ನು ಪ್ರತ್ಯೇಕವಾಗಿ ನಮೂದಿಸಲಾಗಿರುತ್ತದೆ. ಸ್ಮಾರ್ಟ್ ಕಾರ್ಡ್‌ನಲ್ಲಿ ಅಕ್ಷರಗಳು ಅಳಿಸಿಹೋಗಿದ್ದಲ್ಲಿ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಡಬಹುದು. ಬಣ್ಣದ ಹೆಸರನ್ನು ಯಥಾವತ್ತಾಗಿ ಬರೆದಿಟ್ಟುಕೊಳ್ಳುವುದು. ಇದಲ್ಲದೆ ತಯಾರಕರು ಪ್ರತಿ ಬಣ್ಣಕ್ಕೂ ಒಂದು ಸಂಕೇತವನ್ನು ನೀಡಿರುತ್ತಾರೆ. ಸಾಮಾನ್ಯವಾಗಿ ಸೀಟಿನ ಕೆಳಗೆ ಅಥವಾ ಚೌಕಟ್ಟಿನ ಮೇಲೆ ಅಂಟಿಸಿರುವ ಚಿಕ್ಕ ಚೀಟಿಯಲ್ಲಿ ಇದು ಇರುತ್ತದೆ. ಚೀಟಿ ಇಲ್ಲದಿದ್ದಲ್ಲಿ ಆಯಾ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಚಾಸಿ ಸಂಖ್ಯೆ ನೀಡಿ ಕೇಳಬಹುದು. ಮೈಸೂರು, ಮಂಡ್ಯದಂತಹ ನಗರಗಳ ವಾಹನ ಬಣ್ಣದ ಅಂಗಡಿಗಳಲ್ಲಿ ಈ ಸಂಕೇತದ ಆಧಾರದ ಮೇಲೆ ಬಣ್ಣವನ್ನು ಬೆರೆಸಿ ಕೊಡುತ್ತಾರೆ. ಬಿಸಿಲಿಗೆ ಮಾಸಿರುವ ಭಾಗವನ್ನು ತೋರಿಸಿ ಬಣ್ಣ ಹೊಂದಿಸುವ ಬದಲು, ಸೀಟಿನ ಕೆಳಗೆ ಅಥವಾ ಪ್ಯಾನೆಲ್‌ನ ಒಳ ಅಂಚಿನಲ್ಲಿ ಮಾಸದೆ ಉಳಿದಿರುವ ಬಣ್ಣವನ್ನು ತೋರಿಸುವುದು ಸೂಕ್ತ.

ವಾಹನದ ನೋಂದಣಿಯ 15 ವರ್ಷಗಳ ಅವಧಿ ಮುಗಿಯುತ್ತಿದ್ದಲ್ಲಿ, ನವೀಕರಣಕ್ಕೆ ಮುನ್ನವೇ ಬಣ್ಣದ ಕೆಲಸ ಮುಗಿಸಿಕೊಳ್ಳುವುದು ಅನುಕೂಲಕರ. ನವೀಕರಣದ ಅರ್ಜಿಯನ್ನು (ನಮೂನೆ 25) ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳಿಗಿಂತ ಮೊದಲು ಸಲ್ಲಿಸಲು ಬರುವುದಿಲ್ಲ; ಸದರಿ 60 ದಿನಗಳ ಒಳಗೆ ಸಲ್ಲಿಸತಕ್ಕದ್ದು. ತಪಾಸಣೆಯ ವೇಳೆ ಆರ್.ಸಿ.ಯಲ್ಲಿನ ವಿವರಗಳನ್ನು ವಾಹನದೊಂದಿಗೆ ತಾಳೆ ನೋಡಲಾಗುತ್ತದೆ. ದ್ವಿಚಕ್ರ ವಾಹನದ ನೋಂದಣಿ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಿಂದ 1,000 ರೂ. ಆಗಿದ್ದು, 20 ವರ್ಷ ಮೀರಿದ ವಾಹನಗಳಿಗೆ 2025ರಲ್ಲಿ ಇದನ್ನು ಇನ್ನೂ ಹೆಚ್ಚಿಸಲಾಗಿದೆ. ಹಳೆಯ ಸ್ಕೂಟರಿಗೆ ಬಣ್ಣ ಹಾಕಿಸುವವರು ಈ ವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕುವುದು.

3. ಬೇರೆ ಬಣ್ಣ ಹಾಕಿಸಬೇಕೆಂದಿದ್ದಲ್ಲಿ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52 ವಾಹನದ ಮಾರ್ಪಾಡಿಗೆ ಸಂಬಂಧಿಸಿದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರ ತೀರ್ಪಿನಲ್ಲಿ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದೂ, ಆರ್.ಸಿ.ಯಲ್ಲಿನ ಉಳಿದ ವಿವರಗಳ ಬದಲಾವಣೆಯನ್ನು ನಿಯಮಾನುಸಾರ ಅದರಲ್ಲಿ ನಮೂದಿಸಿಕೊಳ್ಳಬಹುದೆಂದೂ ಸ್ಪಷ್ಟಪಡಿಸಿದೆ. ಬಣ್ಣ ಬದಲಿಸಲು ಇಚ್ಛಿಸುವವರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಅ) ಬಣ್ಣ ಹಾಕಿಸುವ ಮೊದಲೇ ನೋಂದಣಿ ಪ್ರಾಧಿಕಾರದ ಅನುಮತಿ ಪಡೆಯುವುದು. ಅನುಮತಿಯಿಲ್ಲದೆ ಮಾರ್ಪಾಡು ಆಗಿಹೋಗಿದ್ದಲ್ಲಿ, 14 ದಿನಗಳೊಳಗಾಗಿ ವಾಸಸ್ಥಳದ ವ್ಯಾಪ್ತಿಯ ಪ್ರಾಧಿಕಾರಕ್ಕೆ ವರದಿ ಮಾಡಿ, ಆರ್.ಸಿ. ಹಾಗೂ ನಿಗದಿತ ಶುಲ್ಕದೊಂದಿಗೆ ನಮೂದು ಮಾಡಿಸಿಕೊಳ್ಳತಕ್ಕದ್ದು.

ಆ) ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ (ಕೆಎ-11) ಮತ್ತು ನಾಗಮಂಗಲ (ಕೆಎ-54) ಸಾರಿಗೆ ಕಛೇರಿಗಳಿವೆ. ಅರ್ಜಿದಾರರ ವಿಳಾಸವು ಯಾವ ಕಛೇರಿಯ ವ್ಯಾಪ್ತಿಗೆ ಸೇರುವುದೋ ಅಲ್ಲಿಯೇ ವ್ಯವಹರಿಸುವುದು. ಅರ್ಜಿಯನ್ನು ಪರಿವಾಹನ್ ಜಾಲತಾಣದ ವಾಹನ್ ಸೇವೆಯಲ್ಲಿ ‘ವಾಹನ ಮಾರ್ಪಾಡು’ ವಿಭಾಗದಡಿ ಸಲ್ಲಿಸಬಹುದು. ಆ ವೇಳೆಗೆ ಅನ್ವಯವಾಗುವ ಶುಲ್ಕವು ಅಲ್ಲಿಯೇ ಕಾಣಿಸುತ್ತದೆ.

ಇ) ಆರ್.ಸಿ., ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ ಹಾಗೂ ಗುರುತಿನ ದಾಖಲೆಗಳನ್ನು ಸಿದ್ಧಪಡಿಸಿಟ್ಟುಕೊಳ್ಳುವುದು. ವಾಹನದ ಮೇಲೆ ಸಾಲವಿದ್ದಲ್ಲಿ ಬ್ಯಾಂಕಿನ ಅಥವಾ ಹಣಕಾಸು ಸಂಸ್ಥೆಯ ಲಿಖಿತ ಒಪ್ಪಿಗೆಯನ್ನು ಮುಂಚಿತವಾಗಿಯೇ ಪಡೆಯುವುದು.

ಈ) ಆಲಿವ್ ಹಸಿರು ಬಣ್ಣವನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲಿಡಲಾಗಿದೆ (ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 121). ಖಾಸಗಿ ಸ್ಕೂಟರಿಗೆ ಈ ಬಣ್ಣ ಹಾಕಿಸುವಂತಿಲ್ಲ.

ಉ) ಆರ್.ಸಿ.ಯಲ್ಲಿ ನಮೂದಾದ ನಂತರ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ ಪಾಲಿಸಿಯಲ್ಲಿ ತಿದ್ದುಪಡಿ ಪಡೆಯುವುದು.

ನಿಯಮಬಾಹಿರ ಮಾರ್ಪಾಡಿಗೆ ಅಧಿನಿಯಮದ ಪ್ರಕರಣ 182ಎ(4)ರಂತೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಕಾರಾಗೃಹ ವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ದಂಡಕ್ಕಿಂತಲೂ ಹೆಚ್ಚಿನ ತೊಂದರೆ ಉಂಟಾಗುವುದು ಇತರ ಸಂದರ್ಭಗಳಲ್ಲಿ. ವಾಹನ ಕಳುವಾದಾಗ ಪೊಲೀಸರು ಹುಡುಕುವುದು ದಾಖಲೆಯಲ್ಲಿರುವ ಬಣ್ಣದ ವಾಹನವನ್ನು. ಅಪಘಾತದ ವಿಮಾ ಪರಿಹಾರ ಕೋರಿದಾಗಲೂ, ವಾಹನ ಮಾರಾಟ ಮಾಡುವಾಗಲೂ ದಾಖಲೆ ಮತ್ತು ವಾಹನದ ನಡುವಿನ ವ್ಯತ್ಯಾಸವು ವಿವರಣೆಗೆ, ವಿಳಂಬಕ್ಕೆ ಕಾರಣವಾಗುತ್ತದೆ.

4. ಪೂರ್ತಿ ಬಣ್ಣ ಅಗತ್ಯವಿದೆಯೇ?

ಖರ್ಚು ಮಾಡುವ ಮೊದಲು ವಾಹನವನ್ನು ಸೋಪಿನ ನೀರಿನಿಂದ ಚೆನ್ನಾಗಿ ತೊಳೆದು, ಹಗಲು ಬೆಳಕಿನಲ್ಲಿ ಪ್ರತಿ ಭಾಗವನ್ನೂ ಪರಿಶೀಲಿಸುವುದು.

ಅ) ಬಣ್ಣ ಮಂಕಾಗಿದ್ದು, ಉಗುರು ಆಡಿಸಿದಾಗ ಗೀರು ಕೈಗೆ ಸಿಕ್ಕದಿದ್ದಲ್ಲಿ ರಬ್ಬಿಂಗ್ ಕಾಂಪೌಂಡ್ ಹಾಗೂ ಪಾಲಿಶ್ ಸಾಕಾಗುತ್ತದೆ. ಅನೇಕ ವಾಹನಗಳಿಗೆ ಇಷ್ಟೇ ಬೇಕಾಗಿರುತ್ತದೆ.

ಆ) ಒಂದೆರಡು ಪ್ಯಾನೆಲ್‌ಗಳಲ್ಲಿ ಮಾತ್ರ ಆಳವಾದ ಗೀರು ಅಥವಾ ತುಕ್ಕು ಇದ್ದಲ್ಲಿ ಅವುಗಳಿಗೆ ಮಾತ್ರ ಬಣ್ಣ ಹಾಕಿಸುವುದು. ಬಣ್ಣ ಹಾಕುವಾಗ ಗೀರು ಇರುವಷ್ಟು ಜಾಗಕ್ಕೆ ಮಾತ್ರ ಹಚ್ಚದೆ, ಆ ಪ್ಯಾನೆಲ್‌ನ ಅಂಚಿನಿಂದ ಅಂಚಿನವರೆಗೆ ಹಾಕಿದಲ್ಲಿ ಬಣ್ಣದ ವ್ಯತ್ಯಾಸ ಎದ್ದು ಕಾಣುವುದಿಲ್ಲ.

ಇ) ಪ್ಲಾಸ್ಟಿಕ್ ಪ್ಯಾನೆಲ್‌ನ ಸ್ಕ್ರೂ ಕೂರುವ ಕಿವಿಗಳು ಮುರಿದಿದ್ದಲ್ಲಿ ಬಣ್ಣ ಹಾಕಿ ಪ್ರಯೋಜನವಿಲ್ಲ, ಚಾಲನೆಯ ಅದುರುವಿಕೆಗೆ ಪ್ಯಾನೆಲ್ ಪುನಃ ಬಿರುಕು ಬಿಡುತ್ತದೆ. ಹೊಸ ಪ್ಯಾನೆಲ್‌ನ ಬೆಲೆ ಮತ್ತು ದುರಸ್ತಿಯ ವೆಚ್ಚ ಎರಡನ್ನೂ ವಿಚಾರಿಸಿ ತೀರ್ಮಾನಿಸುವುದು. ಬಣ್ಣ ಸಹಿತವಾಗಿ ಬರುವ ಪ್ಯಾನೆಲ್ ಕೆಲವೊಮ್ಮೆ ಅಗ್ಗವಾಗಬಹುದು.

5. ಪ್ಯಾನೆಲ್ ಯಾವ ವಸ್ತುವಿನದು?

ಬಣ್ಣ ಏಳುವುದಕ್ಕೆ ಮುಖ್ಯ ಕಾರಣ, ವಸ್ತುವಿಗೆ ಹೊಂದದ ಪ್ರೈಮರ್. ಹಳೆಯ ಬಜಾಜ್ ಚೇತಕ್‌ನಂತಹ ಸ್ಕೂಟರ್‌ಗಳ ಮೈ ಪೂರ್ತಿ ಉಕ್ಕಿನ ತಗಡಿನದು. ಈಚಿನ ಸ್ಕೂಟರ್‌ಗಳಲ್ಲಿ ಕೆಲವು ಭಾಗ ಲೋಹ, ಕೆಲವು ಭಾಗ ಪ್ಲಾಸ್ಟಿಕ್ ಇರುತ್ತದೆ. ಒಂದು ಚಿಕ್ಕ ಆಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಪ್ಯಾನೆಲ್‌ಗೆ ಹಿಡಿದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಪ್ಲಾಸ್ಟಿಕ್ ಭಾಗದ ಒಳಮೈಯಲ್ಲಿ ‘ಎಬಿಎಸ್’ ಅಥವಾ ‘ಪಿಪಿ’ ಎಂಬ ಗುರುತು ಅಚ್ಚಾಗಿರುತ್ತದೆ.

ಅ) ಉಕ್ಕು: ತುಕ್ಕನ್ನು ಸಂಪೂರ್ಣವಾಗಿ ತೆಗೆದು ಎಪಾಕ್ಸಿ ಪ್ರೈಮರ್ ಅಥವಾ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚುವುದು. ತಗ್ಗುಗಳಿಗೆ ಹಾರ್ಡ್‌ನರ್ ಬೆರೆಸುವ ಪಾಲಿಯೆಸ್ಟರ್ ಪುಟ್ಟಿ ಬಳಸುವುದು.

ಆ) ಎಬಿಎಸ್: ಬಣ್ಣದ ಹೊರಕವಚಗಳು ಹೆಚ್ಚಾಗಿ ಇದರವು. ಪ್ಲಾಸ್ಟಿಕ್ ಪ್ರೈಮರ್ ಬಳಸುವುದು. ಎನ್.ಸಿ. ಥಿನ್ನರ್ ಅಥವಾ ಪೆಟ್ರೋಲಿನಿಂದ ಒರೆಸಬಾರದು. ಪ್ಲಾಸ್ಟಿಕ್ ಮೆತ್ತಗಾಗಿ ಅಥವಾ ಸೂಕ್ಷ್ಮ ಬಿರುಕು ಬಿಟ್ಟು ಹಾಳಾಗುತ್ತದೆ.

ಇ) ಪಿಪಿ: ಕಾಲಿಡುವ ಜಾಗ, ಒಳಭಾಗದ ಕಪ್ಪು ಪ್ಯಾನೆಲ್‌ಗಳು ಸಾಮಾನ್ಯವಾಗಿ ಇದರವು. ಇದಕ್ಕೆ ಬಣ್ಣ ಹಿಡಿಯುವುದು ಕಷ್ಟ. ಅಂಟು ಹೆಚ್ಚಿಸುವ ವಿಶೇಷ ಪ್ರೈಮರ್ ಇಲ್ಲದೆ ಹಚ್ಚಿದ ಬಣ್ಣವು ಹಾಳೆಯಂತೆ ಎದ್ದುಬರುತ್ತದೆ. ಈ ಭಾಗಗಳನ್ನು ತೊಳೆದು ಹಾಗೆಯೇ ಬಿಡುವುದು ಉಳಿತಾಯಕರ.

6. ಕೆಲಸ ಮಾಡಿಸುವ ಮೂರು ವಿಧಾನಗಳು

ಮೊದಲನೆಯ ವಿಧಾನ, ಎಲ್ಲವನ್ನೂ ಪೇಂಟರ್‌ಗೆ ವಹಿಸುವುದು. ಶ್ರಮ ಕಡಿಮೆ, ವೆಚ್ಚ ಹೆಚ್ಚು.

ಎರಡನೆಯದು, ಸ್ಪ್ರೇ ಡಬ್ಬಿಗಳನ್ನು ತಂದು ಎಲ್ಲವನ್ನೂ ಮನೆಯಲ್ಲಿಯೇ ಮಾಡುವುದು. ಒಂದೆರಡು ಪ್ಯಾನೆಲ್‌ಗಳಿಗೆ ಇದು ಸೂಕ್ತ. ಇಡೀ ವಾಹನಕ್ಕಾದರೆ ಡಬ್ಬಿಗಳ ಸಂಖ್ಯೆ ಹೆಚ್ಚಾಗಿ ಉಳಿತಾಯ ಕಡಿಮೆಯಾಗುತ್ತದೆ.

ಮೂರನೆಯದು, ಪ್ಯಾನೆಲ್ ಬಿಚ್ಚುವುದು, ತೊಳೆಯುವುದು, ಉಜ್ಜುವುದು ಮತ್ತು ಪುನಃ ಜೋಡಿಸುವುದನ್ನು ಮಾಲೀಕರೇ ಮಾಡಿಕೊಂಡು, ಗನ್‌ನಿಂದ ಬಣ್ಣ ಹೊಡೆಯುವುದನ್ನು ಮಾತ್ರ ಪೇಂಟರ್‌ಗೆ ವಹಿಸುವುದು. ಬಣ್ಣದ ಕೆಲಸದಲ್ಲಿ ಹೆಚ್ಚಿನ ಕೂಲಿ ಹೋಗುವುದು ಉಜ್ಜುವ ಕೆಲಸಕ್ಕೆ. ಆದುದರಿಂದ ಇಡೀ ವಾಹನಕ್ಕೆ ಬಣ್ಣ ಬೇಕಿದ್ದು, ಸಮಯ ಇದ್ದವರಿಗೆ ಈ ವಿಧಾನವು ಹೆಚ್ಚು ಉಪಯುಕ್ತ. ಪೇಂಟರ್ ಒಪ್ಪುವರೇ, ಎಷ್ಟರಮಟ್ಟಿಗೆ ಉಜ್ಜಿ ತರಬೇಕು ಎಂಬುದನ್ನು ಮೊದಲೇ ಮಾತನಾಡಿಕೊಳ್ಳುವುದು.

7. ಅಂದಾಜು ತಯಾರಿಸುವ ಕ್ರಮ

ಬಣ್ಣ ಹಾಕಬೇಕಾದ ಪ್ರತಿ ಪ್ಯಾನೆಲ್‌ನ ಉದ್ದ ಮತ್ತು ಅಗಲವನ್ನು ಟೇಪಿನಿಂದ ಅಳೆದು ವಿಸ್ತೀರ್ಣ ಲೆಕ್ಕ ಹಾಕುವುದು. ಸುಮಾರು 400 ಮಿ.ಲೀ. ಸ್ಪ್ರೇ ಡಬ್ಬಿಯು ಒಂದು ಕೋಟ್‌ಗೆ ಅಂದಾಜು ಒಂದೂವರೆಯಿಂದ ಎರಡು ಚದರ ಮೀಟರ್ ಬರುತ್ತದೆ. ಡಬ್ಬಿಯ ಮೇಲೆ ಮುದ್ರಿಸಿರುವ ಪ್ರಮಾಣವನ್ನೇ ಅಂತಿಮವೆಂದು ಪರಿಗಣಿಸುವುದು. ಉದಾಹರಣೆಗೆ, ಒಟ್ಟು ವಿಸ್ತೀರ್ಣ 1.5 ಚದರ ಮೀಟರ್ ಇದ್ದಲ್ಲಿ ಬೇಕಾಗುವ ಸಾಮಗ್ರಿ ಹೀಗಿರುತ್ತದೆ.

- ಪ್ರೈಮರ್, ಎರಡು ಕೋಟ್: 2 ಡಬ್ಬಿ
- ಬಣ್ಣ, ಮೂರು ಕೋಟ್: 3 ಡಬ್ಬಿ
- ಕ್ಲಿಯರ್ ಲ್ಯಾಕರ್, ಎರಡು ಕೋಟ್: 2 ಡಬ್ಬಿ
- ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಕಾಗದ): 240, 400, 600, 1000 ಮತ್ತು 2000 ನಂಬರಿನವು ತಲಾ ಎರಡು ಹಾಳೆ
- ತುಕ್ಕು ಇದ್ದಲ್ಲಿ: 80 ಅಥವಾ 120 ನಂಬರಿನ ಹಾಳೆ ಎರಡು
- ಮಾಸ್ಕಿಂಗ್ ಟೇಪ್, ಹಳೆಯ ಸುದ್ದಿಪತ್ರಿಕೆ, ಪುಟ್ಟಿ, ರಬ್ಬಿಂಗ್ ಕಾಂಪೌಂಡ್, ಶುಭ್ರವಾದ ಹತ್ತಿ ಬಟ್ಟೆ
- ದ್ರಾವಕದ ಆವಿಯನ್ನು ತಡೆಯುವ ಕಾರ್ಟ್ರಿಜ್ ಮಾಸ್ಕ್, ಕೈಗವಸು, ಕನ್ನಡಕ

ಎರಡು ಅಂಗಡಿಗಳಲ್ಲಿ ದರ ಪಡೆದು ಪ್ರತಿ ಸಾಲಿನ ಮುಂದೆ ಬರೆದು ಕೂಡಿಸುವುದು. ಒಟ್ಟು ಮೊತ್ತವನ್ನು ಪೇಂಟರ್ ಹೇಳಿದ ಮೊತ್ತದೊಂದಿಗೆ ಹೋಲಿಸಿದಲ್ಲಿ ಯಾವ ವಿಧಾನ ಲಾಭಕರವೆಂಬುದು ತಿಳಿಯುತ್ತದೆ. ಹಣ ಸಾಲದಿದ್ದಲ್ಲಿ ಸ್ಟಿಕ್ಕರ್, ಚಕ್ರದ ಬಣ್ಣ, ಅಲಂಕಾರಗಳನ್ನು ಕೈಬಿಡಬಹುದು. ಪ್ರೈಮರ್, ವಾಟರ್ ಪೇಪರ್ ಮತ್ತು ಮಾಸ್ಕ್ ಇವುಗಳಲ್ಲಿ ಕಡಿತ ಮಾಡಬಾರದು.

8. ಕೆಲಸದ ಹಂತಗಳು

(1) ಬಿಚ್ಚುವುದು: ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಬಿಡಿಸುವುದು. ಪ್ರತಿ ಹಂತದ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳುವುದು. ಒಂದೊಂದು ಪ್ಯಾನೆಲ್‌ನ ಸ್ಕ್ರೂಗಳನ್ನು ಪ್ರತ್ಯೇಕ ಪೊಟ್ಟಣ ಕಟ್ಟಿ ಹೆಸರು ಬರೆದಿಡುವುದು. ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ಬಲವಂತವಾಗಿ ಎಳೆಯಬಾರದು. ವಿದ್ಯುತ್ ಸ್ಕೂಟರ್ ಆಗಿದ್ದಲ್ಲಿ ಪ್ಯಾನೆಲ್ ಬಿಚ್ಚುವ ಕೆಲಸವನ್ನು ಅಧಿಕೃತ ಸರ್ವಿಸ್ ಕೇಂದ್ರದಲ್ಲಿಯೇ ಮಾಡಿಸುವುದು.

(2) ನಂಬರ್ ಪ್ಲೇಟ್ ಮತ್ತು ಚಾಸಿ ಸಂಖ್ಯೆ: ಅತಿ ಸುರಕ್ಷಿತ ನೋಂದಣಿ ಫಲಕವನ್ನು (ಎಚ್‌ಎಸ್‌ಆರ್‌ಪಿ) ಒಮ್ಮೆ ಮಾತ್ರ ಬಳಸಬಹುದಾದ ಲಾಕ್‌ನಿಂದ ಕೂರಿಸಿರುತ್ತಾರೆ. ತೆಗೆದಲ್ಲಿ ಅದು ಪುನಃ ಕೂರುವುದಿಲ್ಲ. ಆದುದರಿಂದ ಫಲಕವನ್ನು ತೆಗೆಯದೆ ಕಾಗದ ಮತ್ತು ಟೇಪಿನಿಂದ ಮುಚ್ಚುವುದು. ಚಾಸಿ ಸಂಖ್ಯೆ ಕೊರೆದಿರುವ ಜಾಗವನ್ನು ಉಜ್ಜಬಾರದು, ಪುಟ್ಟಿ ಹಚ್ಚಬಾರದು, ಟೇಪಿನಿಂದ ಮುಚ್ಚತಕ್ಕದ್ದು. ಈ ಸಂಖ್ಯೆ ಅಸ್ಪಷ್ಟವಾದಲ್ಲಿ ನವೀಕರಣ ಮತ್ತು ವರ್ಗಾವಣೆಯ ವೇಳೆ ತೀವ್ರ ತೊಂದರೆಯಾಗುತ್ತದೆ. ಹಿಂಬದಿಯ ಕೆಂಪು ಪ್ರತಿಫಲಕ, ದೀಪ ಮತ್ತು ಇಂಡಿಕೇಟರ್‌ಗಳ ಮೇಲೆ ಬಣ್ಣ ಬೀಳದಂತೆ ನೋಡಿಕೊಳ್ಳುವುದು.

(3) ತೊಳೆಯುವುದು: ಪಾತ್ರೆ ತೊಳೆಯುವ ದ್ರವದಿಂದ ತೊಳೆದು ಒಣಗಿಸಿ, ನಂತರ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಬಣ್ಣದ ಅಂಗಡಿಯಲ್ಲಿ ದೊರೆಯುವ ಜಿಡ್ಡು ತೆಗೆಯುವ ದ್ರವದಿಂದ ಒರೆಸುವುದು. ಹಿಂದೆ ಹಚ್ಚಿದ್ದ ಪಾಲಿಶ್‌ನ ಸಿಲಿಕೋನ್ ಅಂಶ ಉಳಿದಲ್ಲಿ ಹೊಸ ಬಣ್ಣವು ಚಿಕ್ಕ ಚಿಕ್ಕ ವೃತ್ತಗಳಾಗಿ ಬಿಟ್ಟುಕೊಳ್ಳುತ್ತದೆ. ಒರೆಸಿದ ಮೇಲೆ ಬರಿಗೈಯಿಂದ ಮುಟ್ಟಬಾರದು.

(4) ಉಜ್ಜುವುದು: ತುಕ್ಕನ್ನು 80 ಅಥವಾ 120 ನಂಬರಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜುವುದು. ಪುಟ್ಟಿಯನ್ನು 240 ನಂಬರಿನಿಂದ, ಗಟ್ಟಿಯಾಗಿರುವ ಹಳೆಯ ಬಣ್ಣವನ್ನು 400 ನಂಬರಿನಿಂದ ಹೊಳಪು ಹೋಗುವಷ್ಟು ಉಜ್ಜುವುದು. ಭದ್ರವಾಗಿ ಹಿಡಿದಿರುವ ಕಾರ್ಖಾನೆಯ ಬಣ್ಣವನ್ನು ಪೂರ್ತಿ ಕೆರೆದು ತೆಗೆಯುವ ಅಗತ್ಯವಿಲ್ಲ. ಅದಕ್ಕಿಂತ ಉತ್ತಮ ತಳಪಾಯ ದೊರೆಯುವುದಿಲ್ಲ. ಕಾಗದವನ್ನು ರಬ್ಬರ್ ಅಥವಾ ಮರದ ತುಂಡಿಗೆ ಸುತ್ತಿಕೊಂಡಲ್ಲಿ ಬೆರಳಿನ ಗುರುತು ಬೀಳುವುದಿಲ್ಲ. ಹಳೆಯ ಬಣ್ಣದಲ್ಲಿ ಸೀಸದ ಅಂಶವಿರಬಹುದು. ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ 2016ರ ನಿಯಮಗಳು ವಾಹನ ಬಣ್ಣಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಒಣದಾಗಿ ಉಜ್ಜದೆ, ನೀರು ಹಾಕಿ ಉಜ್ಜತಕ್ಕದ್ದು. ಕಬ್ಬಿಣ ಬಯಲಾದ ಭಾಗವನ್ನು ಕೂಡಲೇ ಒಣಗಿಸಿ ಅದೇ ದಿನ ಪ್ರೈಮರ್ ಹಚ್ಚುವುದು.

(5) ಪ್ರೈಮರ್: ತೆಳುವಾಗಿ ಎರಡು ಕೋಟ್, ನಡುವೆ 10ರಿಂದ 15 ನಿಮಿಷ ಬಿಡುವು. ಒಂದು ರಾತ್ರಿ ಒಣಗಿಸಿ 600 ನಂಬರಿನಿಂದ ನೀರು ಹಾಕಿ ಹಗುರವಾಗಿ ಉಜ್ಜುವುದು. ಬಣ್ಣ ಹಾಕುವ ಮುನ್ನ ಕಣ್ಣಿಗೆ ಬೀಳದ ಮೂಲೆಯಲ್ಲಿ ಬ್ಲೇಡಿನಿಂದ ಎರಡು ಗೆರೆ ಅಡ್ಡಲಾಗಿ ಎಳೆದು, ಟೇಪು ಅಂಟಿಸಿ ಥಟ್ಟನೆ ಕಿತ್ತು ನೋಡುವುದು. ಪ್ರೈಮರ್ ಟೇಪಿನೊಂದಿಗೆ ಬಂದಲ್ಲಿ ಅಲ್ಲಿಗೇ ನಿಲ್ಲಿಸಿ, ಪುನಃ ಉಜ್ಜಿ, ಸೂಕ್ತ ಪ್ರೈಮರ್ ಹಚ್ಚುವುದು. ಈ ಪರೀಕ್ಷೆಗೆ ಖರ್ಚಿಲ್ಲ. ಮಾಡದಿದ್ದಲ್ಲಿ ಬಣ್ಣ ಮತ್ತು ಲ್ಯಾಕರ್ ಎರಡರ ಹಣವೂ ವ್ಯರ್ಥವಾಗಬಹುದು.

(6) ಬಣ್ಣ: ಡಬ್ಬಿಯೊಳಗಿನ ಗುಂಡು ಸದ್ದು ಮಾಡಲು ಆರಂಭಿಸಿದ ನಂತರ ಎರಡು ನಿಮಿಷ ಅಲುಗಾಡಿಸುವುದು. 20ರಿಂದ 30 ಸೆಂ.ಮೀ. ದೂರದಿಂದ, ಪ್ಯಾನೆಲ್‌ನ ಹೊರಗಿನಿಂದ ಆರಂಭಿಸಿ ಹೊರಗೆ ಮುಗಿಯುವಂತೆ, ಹಿಂದಿನ ಗೆರೆಯ ಅರ್ಧ ಭಾಗ ಮುಚ್ಚುವಂತೆ ಹೊಡೆಯುವುದು. ಮೊದಲ ಕೋಟ್‌ನಲ್ಲಿಯೇ ಪೂರ್ತಿ ಮುಚ್ಚಲು ಹೋದಲ್ಲಿ ಬಣ್ಣ ಸೋರುತ್ತದೆ. ಮೆಟಾಲಿಕ್ ಬಣ್ಣವಾಗಿದ್ದಲ್ಲಿ ಎಲ್ಲ ಪ್ಯಾನೆಲ್‌ಗಳನ್ನೂ ವಾಹನದಲ್ಲಿ ನಿಲ್ಲುವ ದಿಕ್ಕಿನಲ್ಲಿಯೇ ನಿಲ್ಲಿಸಿ, ಒಂದೇ ಸಲಕ್ಕೆ ಹೊಡೆಯುವುದು. ಇಲ್ಲವಾದಲ್ಲಿ ಒಂದೊಂದು ಒಂದೊಂದು ಬಣ್ಣವಾಗಿ ಕಾಣುತ್ತದೆ.

(7) ಕ್ಲಿಯರ್ ಲ್ಯಾಕರ್: ಡಬ್ಬಿಯ ಮೇಲೆ ಸೂಚಿಸಿದ ಅವಧಿಯೊಳಗೆ ಎರಡು ಕೋಟ್ ಹಾಕುವುದು. ಮೆಟಾಲಿಕ್ ಮತ್ತು ಪರ್ಲ್ ಬಣ್ಣಗಳಿಗೆ ಇದು ಅನಿವಾರ್ಯ.

(8) ಒಣಗಲು ಬಿಡುವುದು: ಕಾರ್ಖಾನೆಯಲ್ಲಿ ಬಣ್ಣವನ್ನು ಬಿಸಿ ಕೋಣೆಯಲ್ಲಿ ಒಣಗಿಸುತ್ತಾರೆ. ಮನೆಯಲ್ಲಿ ಹಾಕಿದ ಬಣ್ಣವು ಗಾಳಿಗೆ ಒಣಗಬೇಕಾದುದರಿಂದ ಮುಟ್ಟಲು ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಕನಿಷ್ಠ ಎರಡು ದಿನ ಬಿಟ್ಟು ಜೋಡಿಸುವುದು. 1000 ಮತ್ತು 2000 ನಂಬರಿನಿಂದ ಉಜ್ಜಿ ಕಾಂಪೌಂಡ್ ಹಾಕುವ ಕೆಲಸವನ್ನು ಒಂದು ವಾರದ ನಂತರ ಮಾಡುವುದು. ಎರಡು ವಾರಗಳವರೆಗೆ ಸೋಪಿನಿಂದ ತೊಳೆಯುವುದು, ಟಾರ್ಪಾಲು ಮುಚ್ಚುವುದು, ಹಾಲಿನ ಕ್ಯಾನು ತೂಗುಹಾಕುವುದು ಬೇಡ.

9. ಸಮಯ ಮತ್ತು ಸ್ಥಳ

ಮಂಡ್ಯ ಜಿಲ್ಲೆಯಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಹೆಚ್ಚು ಮಳೆಯ ತಿಂಗಳುಗಳು. ತೇವದ ಗಾಳಿಯಲ್ಲಿ ಹಾಕಿದ ಲ್ಯಾಕರ್ ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆ ಈ ಕೆಲಸಕ್ಕೆ ಸೂಕ್ತ. ನಾಲಾ ಪ್ರದೇಶದಲ್ಲಿ ಬೆಳಗಿನ ಇಬ್ಬನಿ ಹೆಚ್ಚಿರುವುದರಿಂದ ಇಬ್ಬನಿ ಆರಿದ ನಂತರ, ಬಿಸಿಲು ಮತ್ತು ಗಾಳಿ ಏರುವ ಮೊದಲು, ಅಂದರೆ ಸುಮಾರು ಬೆಳಿಗ್ಗೆ 9.30ರಿಂದ 11.30ರೊಳಗೆ ಬಣ್ಣ ಹೊಡೆಯುವುದು. ಬಿಸಿಲಿಗೆ ಕಾದ ಪ್ಯಾನೆಲ್ ಮೇಲೆ ಹೊಡೆಯಬಾರದು. ಆಲೆಮನೆ ನಡೆಯುತ್ತಿರುವ ಅಥವಾ ಕಬ್ಬಿನ ತರಗು ಸುಡುತ್ತಿರುವ ದಿಕ್ಕಿನಿಂದ ಗಾಳಿ ಬೀಸುತ್ತಿದ್ದಲ್ಲಿ ಮಸಿ ಬಂದು ಹಸಿ ಬಣ್ಣಕ್ಕೆ ಅಂಟುತ್ತದೆ. ಅಂದು ಕೆಲಸ ಮುಂದೂಡುವುದು ಒಳಿತು. ನೆಲಕ್ಕೆ ಮೊದಲೇ ನೀರು ಚಿಮುಕಿಸಿದಲ್ಲಿ ಧೂಳು ಏಳುವುದಿಲ್ಲ.

10. ಸುರಕ್ಷತೆ

ಅ) ಥಿನ್ನರ್ ಮತ್ತು ಸ್ಪ್ರೇಯ ಆವಿಯು ಗಾಳಿಗಿಂತ ಭಾರವಾಗಿದ್ದು ನೆಲದ ಮಟ್ಟದಲ್ಲಿ ಹರಿದು ದೂರದ ಒಲೆಯ ಬೆಂಕಿಯನ್ನೂ ತಲುಪಬಲ್ಲದು. ಅಡುಗೆಮನೆ, ನೀರೊಲೆ, ದೇವರ ದೀಪ, ಬೀಡಿ-ಸಿಗರೇಟುಗಳಿಂದ ದೂರವಿರುವ ಬಯಲಿನಲ್ಲಿ ಅಥವಾ ನಾಲ್ಕೂ ಕಡೆ ತೆರೆದ ಚಪ್ಪರದಲ್ಲಿ ಕೆಲಸ ಮಾಡುವುದು. ಕೊಟ್ಟಿಗೆಯಲ್ಲಿ ದನಕರುಗಳಿರುವಾಗ ಅಲ್ಲಿ ಬಣ್ಣ ಹೊಡೆಯಬಾರದು.

ಆ) ಸ್ಪ್ರೇ ಡಬ್ಬಿಗಳನ್ನು ಬಿಸಿಲಿನಲ್ಲಿ ಇಡಬಾರದು. ಖಾಲಿ ಡಬ್ಬಿಯನ್ನು ಚುಚ್ಚಬಾರದು, ಬೆಂಕಿಗೆ ಹಾಕಬಾರದು, ಸಿಡಿಯುವ ಅಪಾಯವಿದೆ.

ಇ) ಹಾರ್ಡ್‌ನರ್ ಬೆರೆಸುವ ‘ಟೂ-ಕೆ’ ಪಿಯು ಬಣ್ಣ ಮತ್ತು ಲ್ಯಾಕರ್ ಹೆಚ್ಚು ಬಾಳಿಕೆಯವು. ಆದರೆ ಅವುಗಳ ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕವು ಉಸಿರಿನೊಂದಿಗೆ ಒಳಹೋದಲ್ಲಿ ಆಸ್ತಮಾ ಉಂಟುಮಾಡಬಲ್ಲದು. ಕರವಸ್ತ್ರ ಅಥವಾ ಧೂಳಿನ ಮಾಸ್ಕ್ ಇದನ್ನು ತಡೆಯುವುದಿಲ್ಲ. ಈ ಬಣ್ಣವನ್ನು ಮನೆಯಲ್ಲಿ ಹೊಡೆಯದೆ, ಸೂಕ್ತ ವ್ಯವಸ್ಥೆಯುಳ್ಳ ಪೇಂಟರ್ ಬಳಿಯೇ ಮಾಡಿಸತಕ್ಕದ್ದು. ಮಕ್ಕಳು, ಗರ್ಭಿಣಿಯರು ಹಾಗೂ ಉಬ್ಬಸ ಇರುವವರು ಯಾವುದೇ ಬಣ್ಣದ ಕೆಲಸದ ಸ್ಥಳದಿಂದ ದೂರವಿರುವುದು.

ಈ) ಉಜ್ಜಿದ ನೀರು, ಉಳಿದ ಥಿನ್ನರ್‌ಗಳನ್ನು ನಾಲೆ, ಕೆರೆ ಅಥವಾ ಚರಂಡಿಗೆ ಚೆಲ್ಲಬಾರದು. ಅದೇ ನೀರನ್ನು ಕೆಳಗಿನ ಊರಿನ ಜನ-ಜಾನುವಾರುಗಳು ಬಳಸುತ್ತಾರೆ.

11. ಪೇಂಟರ್‌ಗೆ ವಹಿಸುವಾಗ

ಎಷ್ಟು ಪ್ಯಾನೆಲ್, ಯಾವ ಪ್ರೈಮರ್, ಎಷ್ಟು ಕೋಟ್, ಬಣ್ಣದ ಸಂಕೇತ, ಕೆಲಸ ಮುಗಿಯುವ ದಿನಾಂಕ, ಇಂತಿಷ್ಟು ತಿಂಗಳೊಳಗೆ ಬಣ್ಣ ಎದ್ದಲ್ಲಿ ಪುನಃ ಮಾಡಿಕೊಡುವ ಒಪ್ಪಂದ, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಯಿಸಿ ಸಹಿ ಪಡೆಯುವುದು. ಪೂರ್ತಿ ಹಣವನ್ನು ಮುಂಗಡವಾಗಿ ನೀಡಬಾರದು. ಪ್ರೈಮರ್ ಹಂತದಲ್ಲಿ ಒಮ್ಮೆ ಹೋಗಿ ನೋಡುವುದು. ಬಣ್ಣ ಬಿದ್ದ ಮೇಲೆ ಕೆಳಗಿನ ಕೆಲಸ ಕಾಣಿಸುವುದಿಲ್ಲ. ಬಿಲ್ಲನ್ನು ಕಡ್ಡಾಯವಾಗಿ ಪಡೆಯುವುದು. ಸೇವೆಯಲ್ಲಿ ಕೊರತೆಯಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಜಿಲ್ಲಾ ಆಯೋಗಕ್ಕೂ ದೂರು ಸಲ್ಲಿಸಬಹುದು; ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗೋಡೆ-ಗೇಟಿಗೆ ಬಳಸುವ ಸಿಂಥೆಟಿಕ್ ಎನಾಮಲ್ ಹಚ್ಚಬಹುದೇ?
ಉತ್ತರ: ಹಳೆಯ ಲೋಹದ ಸ್ಕೂಟರಿಗೆ ರೆಡ್ ಆಕ್ಸೈಡ್ ಮೇಲೆ ಹಚ್ಚಬಹುದು. ಅಗ್ಗವಾಗಿದ್ದು ತುಕ್ಕನ್ನು ತಡೆಯುತ್ತದೆ. ಆದರೆ ನಿಧಾನವಾಗಿ ಒಣಗುತ್ತದೆ, ಕಾರ್ಖಾನೆಯ ಹೊಳಪು ಬರುವುದಿಲ್ಲ. ಅದರ ಮೇಲೆ ಎನ್.ಸಿ. ಬಣ್ಣ ಅಥವಾ ಸ್ಪ್ರೇ ಲ್ಯಾಕರ್ ಹಾಕಿದಲ್ಲಿ ಸುಕ್ಕುಗಟ್ಟುತ್ತದೆ. ಪ್ಲಾಸ್ಟಿಕ್ ಭಾಗಗಳಿಗೆ ಸೂಕ್ತವಲ್ಲ.

ಪ್ರಶ್ನೆ: ಬಣ್ಣದ ಬದಲು ಇಡೀ ವಾಹನಕ್ಕೆ ಬೇರೆ ಬಣ್ಣದ ಸ್ಟಿಕ್ಕರ್ ಹಾಳೆ ಅಂಟಿಸಿದರೆ ಅನುಮತಿ ಬೇಕೇ?
ಉತ್ತರ: ವಾಹನವು ಆರ್.ಸಿ.ಯಲ್ಲಿನ ಬಣ್ಣಕ್ಕಿಂತ ಬೇರೆಯಾಗಿ ಕಾಣುವುದರಿಂದ ಬಣ್ಣ ಬದಲಾವಣೆಗೆ ಅನುಸರಿಸುವ ಕ್ರಮವನ್ನೇ ಅನುಸರಿಸುವುದು ಸುರಕ್ಷಿತ.

ಪ್ರಶ್ನೆ: ಹೊಸ ಬಣ್ಣವು ಮೂಲ ಬಣ್ಣಕ್ಕಿಂತ ಸ್ವಲ್ಪ ಗಾಢವಾಗಿದೆ. ತೊಂದರೆಯೇ?
ಉತ್ತರ: ನೋಡಿದವರು ಅದೇ ಬಣ್ಣವೆಂದು ಹೇಳುವಷ್ಟು ಅಲ್ಪ ವ್ಯತ್ಯಾಸ ದುರಸ್ತಿಯಲ್ಲಿ ಸಹಜ. ಬಣ್ಣದ ಸಂಕೇತ ನಮೂದಾಗಿರುವ ಬಿಲ್ಲನ್ನು ಇಟ್ಟುಕೊಂಡಿರುವುದು.

ಪ್ರಶ್ನೆ: ಬಣ್ಣ ಬದಲಾಗಿರುವ ಹಳೆಯ ಸ್ಕೂಟರನ್ನು ಖರೀದಿಸುತ್ತಿದ್ದೇನೆ. ಏನು ಮಾಡಬೇಕು?
ಉತ್ತರ: ಆರ್.ಸಿ.ಯಲ್ಲಿನ ಬಣ್ಣ, ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ತಾಳೆ ನೋಡುವುದು. ಬಣ್ಣದ ನಮೂದನ್ನು ಮಾರುವವರಿಂದಲೇ ಸರಿಪಡಿಸಿಕೊಂಡ ನಂತರ ನಮೂನೆ 29 ಮತ್ತು 30ರ ಮೂಲಕ ವರ್ಗಾವಣೆ ಮಾಡಿಸಿಕೊಳ್ಳುವುದು. ಕಾರಣ ತಿಳಿಯದೆ ಬಣ್ಣ ಬದಲಾಗಿರುವ, ಚಾಸಿ ಸಂಖ್ಯೆ ಉಜ್ಜಿರುವ ವಾಹನವನ್ನು ಖರೀದಿಸಬಾರದು.

ಸೂಚನೆ: ಶುಲ್ಕ ಮತ್ತು ನಮೂನೆಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುತ್ತವೆ. ಅರ್ಜಿ ಸಲ್ಲಿಸುವ ದಿನದಂದು ಪರಿವಾಹನ್ ಜಾಲತಾಣದಲ್ಲಿ ಅಥವಾ ಸಂಬಂಧಪಟ್ಟ ಸಾರಿಗೆ ಕಛೇರಿಯ ವಿಚಾರಣಾ ಕೌಂಟರಿನಲ್ಲಿ ಖಚಿತಪಡಿಸಿಕೊಳ್ಳುವುದು. ಶುಲ್ಕವನ್ನು ಮಧ್ಯವರ್ತಿಗಳ ಕೈಗೆ ನೀಡದೆ ನೇರವಾಗಿ ಪಾವತಿಸಿ ರಸೀದಿ ಮತ್ತು ಅರ್ಜಿ ಸಂಖ್ಯೆಯನ್ನು ಪಡೆದುಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.